ಮರಾಠಿ ಮೊಗ್ಗು

ನಮ್ಮತ್ತಿಗೆಯ ಬಿಸಿಬೇಳೆಬಾತಿಗೆ ಹಲಸೂರಿನ ನಮ್ಮ ಬೀದಿಯಲ್ಲೆಲ್ಲ ಹೆಸರು. ಪುಡಿಯ ಅಳತೆಯನ್ನು ಯಾರು ಕೇಳಿದರೂ ಬರೆದುಕೊಡುತ್ತಿದ್ದರು. ಮರಾಠಿ ಮೊಗ್ಗೊಂದನ್ನು ಮಾತ್ರ ಬರೆಯುತ್ತಿರಲಿಲ್ಲ. ಅದು ಗೊತ್ತಾದ ದಿನ ನಾನು ರೇಗಿದ್ದೆ. "ಕೊಟ್ಟರೆ ಪೂರ್ತಿ ಕೊಡಬೇಕು, ಇಲ್ಲವೆ ಕೊಡೋಲ್ಲ ಅನ್ನಬೇಕು ಅತ್ತಿಗೆ." ಅವರು ಉತ್ತರ ಹೇಳದೆ ಒಗ್ಗರಣೆ ಹಾಕಿದರು.

ನಮ್ಮ ಈ ಪೂರ್ವದ ಮಗ್ಗುಲಲ್ಲಿ ಪ್ರಯೋಗಾಲಯಗಳಿಗೆ ಕೊರತೆಯಿಲ್ಲ. ಕೋಡಿಹಳ್ಳಿಯಲ್ಲಿ ಎನ್.ಎ.ಎಲ್., ಬೈಯಪ್ಪನಹಳ್ಳಿಯಲ್ಲಿ ಸಿ-ಡ್ಯಾಕ್. ನಾನು ದುಡಿದದ್ದು ಇವೆರಡೂ ಅಲ್ಲದ ಒಂದು ಸಣ್ಣ ಕಡೆ, ಹೆಸರು ಬೇಡ. 2015ರಲ್ಲಿ ಕೇಂದ್ರ ಸರ್ಕಾರ ತನ್ನ ತಂತ್ರಾಂಶಗಳ ಮೂಲವನ್ನು ತೆರೆದಿಡುವ ಬಗ್ಗೆ ನೀತಿಯೊಂದನ್ನು ಹೊರಡಿಸಿತು. ಅದನ್ನೋದಿದ ನಮ್ಮ ನಿರ್ದೇಶಕರು ನಮ್ಮ ಪ್ರೋಗ್ರಾಮುಗಳನ್ನೂ ಬಿಡುಗಡೆ ಮಾಡೋಣವೆಂದು ಆ ಕೆಲಸವನ್ನು ನನಗೆ ಒಪ್ಪಿಸಿದರು. ಮೂಲ ಅಂದರೆ ಅಡುಗೆಯಲ್ಲ, ಅಡುಗೆಯ ಕ್ರಮ. ಪಡೆದವರು ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ನಾವು ಆರಿಸಿದ್ದು ಜಿ.ಪಿ.ಎಲ್. ಎಂಬ 1989ರ ಪರವಾನಗಿಯ ದಾರಿ. ಬದಲಿಸಿ ಇನ್ನೊಬ್ಬರಿಗೆ ಕೊಟ್ಟರೆ ಕ್ರಮವನ್ನೂ ಕೊಡಬೇಕೆನ್ನುವುದು ಅದರ ಮುಖ್ಯ ಕಟ್ಟು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಯಾವ ಸಾಲು ಯಾರು ಬರೆದದ್ದು? ಕಲಿತು ಹೊರಟುಹೋದ ಹುಡುಗ ಹುಡುಗಿಯರನ್ನು ಕೇಳಬೇಡವೆ? ದುಡ್ಡು ಕೊಟ್ಟು ತಂದ ಭಾಗವನ್ನು ಊರಿಗೆ ಹಂಚುವಂತಿಲ್ಲ. ಕಿತ್ತು ಬೇರೆ ಬರೆಯಬೇಕು. ಒಂದು ವರ್ಷ ಅದರಲ್ಲೇ ಹೋಯಿತು.

ಆಗ ಓದಿದ ಕಥೆಯೊಂದು ಇನ್ನೂ ಕಾಡುತ್ತದೆ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಪ್ರಯೋಗಾಲಯವೊಂದರಲ್ಲಿ ಜೆರಾಕ್ಸ್ ಕಂಪನಿಯ ಮುದ್ರಣಯಂತ್ರಕ್ಕೆ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೊಂದು ಉಪಾಯ ಮಾಡಲು ರಿಚರ್ಡ್ ಸ್ಟಾಲ್‌ಮನ್ ಅದರ ತಂತ್ರಾಂಶದ ಮೂಲ ಕೇಳಿದರೆ, ಅದು ಕೈಯಲ್ಲಿದ್ದ ಇನ್ನೊಂದು ವಿಶ್ವವಿದ್ಯಾಲಯದವನು ಕೊಡಲಿಲ್ಲ. ಯಾರಿಗೂ ಕೊಡೆನೆಂದು ಮಾತು ಕೊಟ್ಟಿದ್ದನಂತೆ. ಸ್ಟಾಲ್‌ಮನ್ 1983ರಲ್ಲಿ ಮುಕ್ತ ತಂತ್ರಾಂಶದ ಕೆಲಸ ಸಾರುವುದಕ್ಕೆ ಆ ಸಿಟ್ಟೂ ಒಂದು ಕಾರಣ. ನನಗೋ, ಕೊಡದವನ ಮೇಲೆ ಸಿಟ್ಟು ಬರಲಿಲ್ಲ. ಅವನು ಎದುರಿಗೇ ಇಲ್ಲ ಅಂದಿದ್ದ.

ನಾನು ಇಲ್ಲ ಅನ್ನಲಿಲ್ಲ. ನಮ್ಮ ಪ್ರೋಗ್ರಾಮೊಂದು ಕಂಪನ ಅಳೆಯುವ ಸಾಧನಗಳ ಅಂಕಿಗಳನ್ನು ಶಾಖದ ಏರುಪೇರಿಗೆ ತಕ್ಕಂತೆ ತಿದ್ದುತ್ತಿತ್ತು. ತಿದ್ದುವ ಕೋಷ್ಟಕ ನನ್ನದು. ಮಗುವನ್ನು ಅತ್ತಿಗೆಯ ಹತ್ತಿರ ಬಿಟ್ಟು, ನಾಲ್ಕು ವರ್ಷ ರಾತ್ರಿ ಕೂತು ಮಾಡಿದ್ದು. ಅದರ ಮೇಲೆ ನನ್ನ ಹೆಸರು ಎಲ್ಲೂ ಇರಲಿಲ್ಲ. ಬಿಡುಗಡೆಯ ಕಟ್ಟಿಗೆ ಅದನ್ನು ಸೇರಿಸದೆ ಬಿಟ್ಟೆ. ಯಾರೂ ಗಮನಿಸಲಿಲ್ಲ. ಕಾಫಿ ಆಯಿತು, ಚಪ್ಪಾಳೆ ಆಯಿತು.

ಜನರ ದುಡ್ಡಿನಲ್ಲಿ ಆದದ್ದು ಜನರಿಗೆ ಸೇರಬೇಕು, ಸರಿ. ಆದರೆ ಹೆಂಗಸರ ದುಡಿಮೆ 'ಎಲ್ಲರದೂ' ಆಗಿ ಹೆಸರಿಲ್ಲದೆ ಕರಗುವುದನ್ನು ನೀವೂ ಕಂಡವರೇ. ನಾನು ಹೆಸರು ಹಾಕಿ ಎಂದು ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲು ನಾಚಿಕೆ, ಬಚ್ಚಿಡಲು ಮಾತ್ರ ನಾಚಿಕೆಯಾಗಲಿಲ್ಲ, ನೋಡಿ.

ಏಳು ತಿಂಗಳ ಮೇಲೆ ಉತ್ತರ ಕರ್ನಾಟಕದ ಒಬ್ಬ ವಿದ್ಯಾರ್ಥಿನಿಯಿಂದ ಪತ್ರ ಬಂತು. ಒಂದು ಇಡೀ ಸೆಮಿಸ್ಟರು ನಮ್ಮ ಪ್ರೋಗ್ರಾಮನ್ನೇ ನಂಬಿ ಕೆಲಸ ಮಾಡಿದ್ದಳು, ಲೆಕ್ಕ ಕೂಡಿಬರುತ್ತಿರಲಿಲ್ಲ. "ನಾನು ಎಲ್ಲಿ ತಪ್ಪಿದೆ ಮೇಡಂ?" ಎಂದು ಕೇಳಿದ್ದಳು.

ಕೋಷ್ಟಕವನ್ನು ಅಂದೇ ಕಳಿಸಿದೆ, ಬಿಡುಗಡೆಯ ಕಟ್ಟಿಗೂ ಸೇರಿಸಿದೆ, ನನ್ನ ಹೆಸರಿನೊಂದಿಗೆ. ಎಂಟು ದಿನಕ್ಕೆ ಅವಳ ಉತ್ತರ: ಎರಡು ಅಂಕಿಗಳು ತಪ್ಪಿರಬಹುದು, ನೋಡುವಿರಾ? ನೋಡಿದೆ. ತಪ್ಪಿದ್ದವು. ತಿದ್ದಿ, ಅವಳ ಹೆಸರನ್ನೂ ನನ್ನದರ ಕೆಳಗೆ ಬರೆದೆ. ಮೊದಲ ಸಲ ಯಾಕೆ ಕೊಟ್ಟಿರಲಿಲ್ಲವೆಂದು ಮಾತ್ರ ಅವಳಿಗೆ ನಾನಿನ್ನೂ ಬರೆದಿಲ್ಲ.