ಶಿಕ್ಷಕನ ಸಂಬಳ ಮತ್ತು ಸಮಾಜದ ಋಣ

ಶಿಕ್ಷಕ ವೃತ್ತಿಯು ಪವಿತ್ರವಾದುದೆಂಬ ಮಾತನ್ನು ಅಲ್ಲಗಳೆಯುವವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಸಪ್ಟೆಂಬರ್ 5ರಂದು ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟು, ಗುರುವಿನ ಋಣ ತೀರಿಸಲಾರದ್ದೆಂದು ಭಾಷಣ ಮಾಡುವುದನ್ನು ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಕೇಳಿದಾಗಲೆಲ್ಲ ಸಂತೋಷವೇ ಆಗಿದೆ. ಆದರೆ ತೀರಿಸಲಾರದ ಋಣವನ್ನು ಇಷ್ಟು ಬಾಯ್ತುಂಬ ಹೊಗಳುವ ಸಮಾಜವು, ತಿಂಗಳ ಕೊನೆಗೆ ತೀರಿಸಬಹುದಾದ ಋಣವನ್ನು ಏಕೆ ಬಾಕಿ ಉಳಿಸುತ್ತದೆ? ಒಂದು ಕೆಲಸವು ಶ್ರೇಷ್ಠವೆಂಬ ಕಾರಣಕ್ಕಾಗಿಯೇ ಅದಕ್ಕೆ ಕಡಿಮೆ ಕೊಡುವುದು ನ್ಯಾಯವೇ? ಈ ಲೇಖನದಲ್ಲಿ ನಾವು ವಿಚಾರ ಮಾಡಬೇಕೆಂದಿರುವುದು ಇಷ್ಟನ್ನೇ.

ಹಿಂದಿನ ಕಾಲದಲ್ಲಿ ಊರು ಈ ಪ್ರಶ್ನೆಗೆ ತನ್ನದೇ ರೀತಿಯಲ್ಲಿ ಉತ್ತರ ಕಂಡುಕೊಂಡಿತ್ತು. ಗಾಂವಠಿ ಶಾಲೆಯ ಐಗಳಿಗೆ ರೊಕ್ಕ ಸಿಗುವುದು ಅಪರೂಪ. ಸುಗ್ಗಿಯಲ್ಲಿ ಜೋಳ, ಹಬ್ಬದಲ್ಲಿ ಬೇಳೆ-ಬೆಲ್ಲ ಅವರ ಮನೆ ಸೇರುತ್ತಿದ್ದವು. ಆ ವ್ಯವಸ್ಥೆಯನ್ನು ಆದರ್ಶವೆಂದು ನಾವು ಹೇಳುವುದಿಲ್ಲ. ಬರ ಬಿದ್ದ ವರ್ಷ ಐಗಳ ಮನೆಯಲ್ಲೂ ಬರವೇ. ಮೇಲಾಗಿ ಆ ಶಾಲೆಯ ಕಟ್ಟೆ ಹತ್ತುವ ಭಾಗ್ಯ ಎಲ್ಲ ಜಾತಿಯ ಮಕ್ಕಳಿಗೂ ಇರಲಿಲ್ಲ. ಆದರೂ ಐಗಳಿಗೂ ಹೊಟ್ಟೆಯಿದೆ ಎಂಬ ತಿಳಿವಳಿಕೆ ಊರಿಗಿತ್ತು. ಜೋಳ ಅಳೆದು ಕೊಟ್ಟವನು ನಮಸ್ಕಾರವನ್ನೂ ಮಾಡುತ್ತಿದ್ದನು. ನಮಸ್ಕಾರ ಮಾಡಿದೆನಾದ್ದರಿಂದ ಜೋಳ ಉಳಿಯಿತೆಂದು ಲೆಕ್ಕ ಹಾಕುತ್ತಿರಲಿಲ್ಲ.

ಇಂದು ಆ ಹೊಣೆ ಸರಕಾರದ ಮೇಲೂ ಸಂಸ್ಥೆಗಳ ಮೇಲೂ ಬಂದಿದೆ. ವೇತನ ಆಯೋಗಗಳ ಫಲವಾಗಿ ಕಾಯಂ ಶಿಕ್ಷಕರ ಸ್ಥಿತಿ ಬಹಳವಾಗಿ ಸುಧಾರಿಸಿದೆ. ನಿವೃತ್ತಿ ವೇತನ ಪಡೆದು ನೆಮ್ಮದಿಯಿಂದ ಉಣ್ಣುತ್ತಿರುವ ನಾವು ಇದನ್ನು ಮರೆಮಾಚಬಾರದು. ಆದರೆ ಅದೇ ಶಿಕ್ಷಕರ ಕೋಣೆಯಲ್ಲಿ ಪಕ್ಕದ ಕುರ್ಚಿಯ ಮೇಲೆ ಕುಳಿತವರ ಸ್ಥಿತಿ ಏನು? ಮಹಾರಾಷ್ಟ್ರದಲ್ಲಿ 2000ದಲ್ಲಿ 'ಶಿಕ್ಷಣ ಸೇವಕ' ಯೋಜನೆ ಜಾರಿಗೆ ಬಂದಿತು. ಹೊಸದಾಗಿ ನೇಮಕಗೊಂಡವರು ಮೊದಲ 3 ವರ್ಷ ಸಂಬಳವಿಲ್ಲದೆ ಮಾನಧನದ ಮೇಲೆ ದುಡಿಯಬೇಕು. ಪ್ರಾಥಮಿಕ ಶಾಲೆಯಲ್ಲಿ ಆ ಮಾನಧನವು ತಿಂಗಳಿಗೆ 3,000 ರೂಪಾಯಿಯಿಂದ ಆರಂಭವಾಗಿ, ಅನೇಕ ವರ್ಷ 6,000 ರೂಪಾಯಿಯಲ್ಲಿ ನಿಂತು, 2023ರಲ್ಲಿ 16,000ಕ್ಕೆ ಏರಿತು. ಅನುದಾನವಿಲ್ಲದ ಶಾಲೆಗಳಲ್ಲಂತೂ, ಇಂದಲ್ಲ ನಾಳೆ ಅನುದಾನ ಬಂದೀತೆಂದು ಕಾಯುತ್ತ ತಲೆಗೂದಲು ಬೆಳ್ಳಗಾದವರಿದ್ದಾರೆ. ಪದವಿ ಅದೇ, ಪಠ್ಯಪುಸ್ತಕ ಅದೇ, ಮಕ್ಕಳೂ ಅದೇ ಊರಿನವರು.

ಇಲ್ಲಿ ಶಬ್ದಗಳೂ ವಿಚಾರ ಮಾಡತಕ್ಕವು. 'ಸೇವಕ' ಎಂದು ಕರೆದರೆ ಬೇಡುವ ಹಕ್ಕು ಅರ್ಧ ಕಳೆದಂತೆ. ಸಂಬಳವಾದರೆ ಎಷ್ಟೆಂದು ಕೇಳಬಹುದು. ಮಾನಧನವೆಂದ ಮೇಲೆ ಕೇಳುವುದೇ ಮಾನಗೇಡು. ಕನ್ಯೆ ಕೊಡುವವರು ಮಾತ್ರ ಈ ಸಂಕೋಚ ಇಟ್ಟುಕೊಳ್ಳುವುದಿಲ್ಲ. ಹುಡುಗ ಮಾಸ್ತರನೆಂದು ಕೇಳಿದೊಡನೆ, ಕಾಯಂ ಆಗಿದ್ದಾನೆಯೇ ಎಂದು ವಿಚಾರಿಸುತ್ತಾರೆ.

ಇನ್ನು ಕೆಲಸದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪಾಠದ ಪೂರ್ವಸಿದ್ಧತೆಯನ್ನೂ ಸೇರಿಸಿ ಶಿಕ್ಷಕನಿಗೆ ವಾರಕ್ಕೆ 45 ಗಂಟೆಗಳ ದುಡಿಮೆಯನ್ನು ಹೇಳಿದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವುಗಳ ಹೊರತು ಬೇರೆ ಶಿಕ್ಷಣೇತರ ಕೆಲಸಕ್ಕೆ ಅವನನ್ನು ಹಚ್ಚಬಾರದೆಂದೂ, ಅವನು ಖಾಸಗಿ ಪಾಠ ಹೇಳಬಾರದೆಂದೂ ವಿಧಿಸಿದೆ. ಆದರೆ ಗಡಿನಾಡಿನ ಕನ್ನಡ ಶಾಲೆಯ ಗುರೂಜಿಗಳೂ ಬಾಯಿಯವರೂ ಮಾಡುವ ಎಷ್ಟೋ ಕೆಲಸಗಳು ಯಾವ ಹಾಜರಿ ಪುಸ್ತಕದಲ್ಲೂ ಕಾಣುವುದಿಲ್ಲ. ಮೇಲಿನ ಕಚೇರಿಯ ಪರಿಪತ್ರಕ ಮರಾಠಿಯಲ್ಲಿ ಬರುತ್ತದೆ. ಅದನ್ನು ಪಾಲಕರಿಗೆ ಕನ್ನಡದಲ್ಲಿ ತಿಳಿಸಿ, ಅವರ ಉತ್ತರವನ್ನು ಮರಾಠಿಯಲ್ಲಿ ಬರೆಯಬೇಕು. ಶಿಷ್ಯವೃತ್ತಿಯ ಅರ್ಜಿ, ಜಾತಿ ಪ್ರಮಾಣಪತ್ರ, ಬ್ಯಾಂಕಿನ ಖಾತೆ ಎಲ್ಲಕ್ಕೂ ಮಾಸ್ತರರ ಮನೆಯೇ ಕಚೇರಿ. ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯುವ ಟೋಳಿಗಳು ಹೊರಡುವಾಗ, ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಿರೆಂದು ಮನೆಮನೆಗೆ ಹೋಗಿ ಕೈಮುಗಿಯಬೇಕು. ಬೇಸಿಗೆಯಲ್ಲಿ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಊರಿಗೆ ಬರುವ ಮೊದಲೇ ಒಂದನೆಯ ಇಯತ್ತೆಗೆ ಮಕ್ಕಳನ್ನು ಹುಡುಕಬೇಕು. ಪಟಸಂಖ್ಯೆ ಇಳಿದರೆ ಶಿಕ್ಷಕನ ಹುದ್ದೆಗೆ ಕುತ್ತು. ಹುದ್ದೆ ಹೋದರೆ ಆ ಊರಿನ ಕನ್ನಡಕ್ಕೆ ಕುತ್ತು.

ಇದನ್ನೆಲ್ಲ ಹೇಳಿದಾಗ ಹಿರಿಯರು ಕೆಲವರು ಶರಣರ ಕಾಯಕ ತತ್ತ್ವವನ್ನು ನೆನಪಿಸುತ್ತಾರೆ. ಸಿದ್ಧರಾಮನ ಸೊನ್ನಲಿಗೆಯಲ್ಲಿ ಬಾಳುವ ನಮಗೆ ಆ ಮಾತು ಶಿರೋಧಾರ್ಯವೇ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಕಥೆಯಲ್ಲಿ 'ಇಷ್ಟು ಸಾಕು' ಎಂದವರು ಯಾರು? ಅಕ್ಕಿ ಆಯ್ದು ಬದುಕುವ ಮನೆಯ ಗೃಹಿಣಿ. ಕಣಜದ ಒಡೆಯನು ಅವಳಿಗೆ ಆ ಮಾತು ಹೇಳಲಿಲ್ಲ. ದುಡಿಯುವವನು ತಾನಾಗಿ ಒಪ್ಪಿದ ಮಿತವು ವ್ರತವಾಗುತ್ತದೆ. ಅದೇ ಮಿತವನ್ನು ದುಡಿಸಿಕೊಳ್ಳುವವನು ಹೇರಿದರೆ ಅದು ಬರಿಯ ಕಡಿತ. ವ್ರತದ ಹೆಸರಿನಲ್ಲಿ ಕಡಿತ ಮಾಡುವುದು ಶರಣರ ತತ್ತ್ವವಲ್ಲ.

ಶಿಕ್ಷಕನ ಕೆಲಸದಲ್ಲಿ ಬೆಲೆ ಕಟ್ಟಲಾಗದ ಭಾಗವೊಂದು ಇದ್ದೇ ಇದೆ ಎಂಬುದನ್ನು ನಾವು ಒಪ್ಪುತ್ತೇವೆ. ಓದಲು ಬಾರದ ಮಗುವಿನ ಪಕ್ಕದಲ್ಲಿ ಗಂಟೆ ಬಾರಿಸಿದ ಮೇಲೂ ಕುಳಿತುಕೊಳ್ಳುವ ತಾಳ್ಮೆಗೆ ಯಾವ ಆಯೋಗವೂ ದರ ನಿಗದಿ ಮಾಡಲಾರದು. ಅದು ದಾನ. ಆದರೆ ಬಲವಂತದಿಂದ ತೆಗೆದುಕೊಂಡದ್ದನ್ನು ದಾನವೆಂದು ಯಾರೂ ಕರೆಯುವುದಿಲ್ಲ. ಸಲ್ಲಬೇಕಾದುದು ಪೂರ್ತಿಯಾಗಿ ಸಂದ ಮೇಲೆ ಶಿಕ್ಷಕನು ಹೆಚ್ಚಿಗೆ ಕೊಟ್ಟರೆ ಅದು ದಾನವಾಗುತ್ತದೆ, ಅದಕ್ಕೆ ಕೃತಜ್ಞತೆಯೇ ತಕ್ಕ ಪ್ರತಿಫಲವೂ ಆಗುತ್ತದೆ. ಸಂಬಳವನ್ನೇ ಕಡಿಮೆ ಮಾಡಿ ಆ ತಾಳ್ಮೆಯನ್ನು ಕರ್ತವ್ಯವೆಂದು ಕೇಳಿದರೆ, ಅವನ ಕೂಲಿಯ ಜೊತೆಗೆ ದಾನ ಮಾಡುವ ಪುಣ್ಯವನ್ನೂ ಕಸಿದುಕೊಂಡಂತಾಗುತ್ತದೆ. ಶಿಕ್ಷಕರ ಸ್ಥಾನಮಾನವನ್ನು ಕುರಿತು 1966ರಲ್ಲಿ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ಆಶ್ರಯದಲ್ಲಿ ಅಂಗೀಕೃತವಾದ ಶಿಫಾರಸು ಕೂಡ, ಸಮಾನ ವಿದ್ಯಾರ್ಹತೆ ಬೇಡುವ ಇತರ ವೃತ್ತಿಗಳಿಗೆ ಸರಿದೂಗುವ ವೇತನ ಶಿಕ್ಷಕನಿಗೆ ದೊರೆಯಬೇಕೆಂದೇ ಹೇಳಿದೆ.

ಪೂರ್ಣ ಸಂಬಳ ಪಡೆದೂ ಪಾಠ ಹೇಳದವರಿಲ್ಲವೇ ಎಂದು ಓದುಗರು ಕೇಳಬಹುದು. ಇದ್ದಾರೆ, ನಮ್ಮ ವೃತ್ತಿಗೆ ಅದು ಕಳಂಕವೇ. ಸಂಬಳ ಹೆಚ್ಚಿದ ಮಾತ್ರಕ್ಕೆ ನಿಷ್ಠೆ ಹುಟ್ಟುವುದಿಲ್ಲ. ಆದರೆ ಮೈಗಳ್ಳನ ತಪ್ಪಿಗೆ ಪಕ್ಕದ ವರ್ಗದಲ್ಲಿ ಬೆವರು ಸುರಿಸುವ ತರುಣನ ಅನ್ನ ಕಡಿಮೆ ಮಾಡುವುದು ಯಾವ ಶಾಸ್ತ್ರ? ಪೂರ್ಣ ಸಂಬಳ ಕೊಟ್ಟವನಿಗೆ ಪೂರ್ಣ ಕೆಲಸ ಕೇಳುವ ಅಧಿಕಾರವಾದರೂ ಇರುತ್ತದೆ. ಅರ್ಧ ಕೊಟ್ಟವನು ಮೈಗಳ್ಳತನ ಕಂಡರೂ ಬಾಯಿ ತೆರೆಯಲಾರ. ಸಾಲದ ಕಂತಿನ ಚಿಂತೆಯಲ್ಲಿ ವರ್ಗಕ್ಕೆ ಬಂದ ಶಿಕ್ಷಕನ ಮನಸ್ಸು ಮಗುವಿನ ಪಾಟಿಯ ಮೇಲೆ ಪೂರ್ತಿ ನಿಲ್ಲುವುದು ಕಷ್ಟ. ಆ ನಷ್ಟ ಕೊನೆಗೆ ಸೇರುವುದು ಮಗುವಿನ ಲೆಕ್ಕಕ್ಕೆ.

ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಸಮ್ಮೇಳನಗಳಲ್ಲಿ ನಾವು ಠರಾವು ಮಾಡುತ್ತೇವೆ. ಆ ಠರಾವನ್ನು ದಿನವೂ ನಡೆಸುವವರು ಒಂದನೆಯ ಇಯತ್ತೆಯಲ್ಲಿ 'ಅ ಆ' ತಿದ್ದಿಸುವ ತರುಣ-ತರುಣಿಯರು. ಆದುದರಿಂದ ಸಂಘಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಸಲ ಒಬ್ಬ ಶಿಕ್ಷಕನಿಗೆ ಶಾಲು ಹೊದಿಸುವ ಮೊದಲು ಅವನ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ, ಯಾವ ತಾರೀಖಿಗೆ ಬರುತ್ತದೆ ಎಂದು ವಿಚಾರಿಸಿರಿ. ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕುಳಿತವರು ನಿಮ್ಮಲ್ಲೇ ಇದ್ದರೆ ಅವರಿಗೂ ಅದೇ ಪ್ರಶ್ನೆ ಹಾಕಿರಿ. ಸರಕಾರಕ್ಕೆ ಕಳಿಸುವ ಬೇಡಿಕೆಗಳಲ್ಲಿ ಅನುದಾನದ ಮಾತು, ಮಾನಧನದ ಮಾತು ಮೊದಲ ಪುಟದಲ್ಲಿರಲಿ. ಗುರುವಿನ ಋಣ ತೀರದ್ದು ನಿಜ. ಅವನ ಸಂಬಳದ ಬಾಕಿ ಮಾತ್ರ ತೀರತಕ್ಕದ್ದು.