ಪರದೇಶಿ ಯಾರು?



ಕನ್ನಡ ನುಡಿಯಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಅನ್ಯದೇಶದವನು ಎಂಬುದು ಮೊದಲನೆಯದು. ದಿಕ್ಕಿಲ್ಲದವನು, ತನ್ನವರೆಂಬವರು ಇಲ್ಲದವನು ಎಂಬುದು ಎರಡನೆಯದು. ನಾಡನ್ನು ಬಿಟ್ಟವನಿಗೆ ಅನಾಥತನ ತಪ್ಪದೆಂಬ ಲೋಕಾನುಭವವೇ ಈ ಎರಡು ಅರ್ಥಗಳನ್ನು ಒಂದೇ ಶಬ್ದದಲ್ಲಿ ಕೂಡಿಸಿರಬೇಕು. ಇಂದು ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯ, ಅರಬ ನಾಡುಗಳಲ್ಲಿ ನೆಲೆಸಿರುವರು. ಮೊದಲನೆಯ ಅರ್ಥದಲ್ಲಿ ಅವರು ಪರದೇಶಿಗಳೆಂಬುದು ನಿಜ. ಎರಡನೆಯ ಅರ್ಥದಲ್ಲಿಯೂ ಅವರು ಪರದೇಶಿಗಳಾಗಬೇಕೆ? ಈ ಪ್ರಶ್ನೆಯನ್ನು ಶರಣರ ಬಾಳಿನ ಬೆಳಕಿನಲ್ಲಿ ವಿಚಾರಿಸೋಣ.

ಅಮೆರಿಕವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. 1965ರಲ್ಲಿ ಆ ದೇಶವು ತನ್ನ ವಲಸೆಯ ಕಾನೂನನ್ನು ತಿದ್ದಿ, ಹುಟ್ಟಿದ ದೇಶವನ್ನು ನೋಡಿ ಪ್ರವೇಶವನ್ನು ಅಳೆಯುವ ಹಳೆಯ ಪದ್ಧತಿಯನ್ನು ಕೈಬಿಟ್ಟಿತು. ಅಲ್ಲಿಂದೀಚೆಗೆ ನಮ್ಮ ನಾಡಿನ ವೈದ್ಯರೂ ಎಂಜಿನಿಯರರೂ ಅಲ್ಲಿಗೆ ಹೋಗತೊಡಗಿದರು. 1990ರ ಕಾನೂನಿನಿಂದ ಎಚ್-1ಬಿ ಎಂಬ ವೀಸಾ ಏರ್ಪಟ್ಟು, ಕಂಪ್ಯೂಟರ್ ವಿದ್ಯೆಯನ್ನು ಕಲಿತ ತರುಣರಿಗೆ ಬಾಗಿಲು ಇನ್ನೂ ಅಗಲವಾಗಿ ತೆರೆಯಿತು. ಹೊರಗಿನಿಂದ ನೋಡುವವರಿಗೆ ಅವರ ಬಾಳು ಸಕಲ ಸೌಕರ್ಯಗಳಿಂದ ಕೂಡಿದುದು. ಒಳಗಿನ ಸ್ಥಿತಿಯಾದರೋ ಬೇರೆ. ಈ ವೀಸಾದ ಅವಧಿ ಮೊದಲು 3 ವರ್ಷ, ಆ ಮೇಲೆ ಸಾಮಾನ್ಯವಾಗಿ ಒಟ್ಟು 6 ವರ್ಷ. ಉದ್ಯೋಗದ ಆಧಾರದಿಂದ ದೊರೆಯುವ ಶಾಶ್ವತ ನಿವಾಸದ ಅನುಮತಿಗಳಲ್ಲಿ ಯಾವ ಒಂದು ದೇಶದವರಿಗೂ ವರ್ಷಕ್ಕೆ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲುವುದಿಲ್ಲ. ಆದಕಾರಣ ಭಾರತೀಯರ ಸಾಲು ಬಹು ಉದ್ದವಾಗಿ, ವರ್ಷಗಟ್ಟಲೆ ಕಾಯಬೇಕಾಗುವುದು. ಕೆಲಸ ಹೋದರೆ ಬೇರೊಂದನ್ನು ಹುಡುಕಿಕೊಳ್ಳಲು, ಇಲ್ಲವೆ ದೇಶವನ್ನು ಬಿಡಲು, ಹೆಚ್ಚೆಂದರೆ 60 ದಿನಗಳ ಗಡುವು. ತಂದೆಯ ವೀಸಾದ ಆಶ್ರಯದಲ್ಲಿ ಬೆಳೆದ ಮಗುವಿಗೆ 21 ವರ್ಷ ತುಂಬಿತೆಂದರೆ ಆ ಆಶ್ರಯವೂ ತಪ್ಪುವುದು. ಅರಬ ನಾಡುಗಳಲ್ಲಿ ಬಿಸಿಲಿನಲ್ಲಿ ದುಡಿಯುವ ನಮ್ಮ ಕೂಲಿಕಾರರ ವಾಸದ ಅನುಮತಿಯೂ ಅವರ ಕೆಲಸಕ್ಕೇ ಅಂಟಿಕೊಂಡದ್ದು. ಅವರಲ್ಲಿ ಅನೇಕರಿಗೆ ಮಡದಿ ಮಕ್ಕಳೂ ಹತ್ತಿರವಿಲ್ಲ.

ಹೀಗಿರಲು ಅವರ ಮನಸ್ಸಿನಲ್ಲಿ ಒಂದು ಭಾವನೆ ಬೇರೂರುವುದು ಸಹಜ: ‘ಇದು ನನ್ನ ನೆಲವಲ್ಲ, ಇಲ್ಲಿ ನಾನು ಗಳಿಸಲು ಬಂದವನು, ಬಾಳುವುದೇನಿದ್ದರೂ ಊರಿಗೆ ಹಿಂದಿರುಗಿದ ಬಳಿಕ.’ ಪೂಜೆ ಆಗ, ಪರೋಪಕಾರ ಆಗ, ಶರಣರ ವಚನಗಳ ಅಭ್ಯಾಸವೂ ಆಗ. ಇಂದಿನ ದಿನವು ಕೇವಲ ದಾಟಿ ಹೋಗತಕ್ಕ ಹೊಳೆಯಾಗುವುದು. ಹೀಗೆ 10 ವರ್ಷಗಳು, 20 ವರ್ಷಗಳು ಕಳೆಯುವುವು. ಕೊನೆಗೆ ಊರಿಗೆ ಬಂದು ನೋಡಿದರೆ ಓರಗೆಯವರು ಚದುರಿಹೋಗಿರುವರು, ಹೊಲಮನೆಗಳು ಕೈಬದಲಾಗಿರುವುವು, ಹುಟ್ಟಿದ ಮನೆಯಲ್ಲಿಯೇ ತಾನು ಅತಿಥಿ. ಅಲ್ಲಿಯೂ ಪರದೇಶಿ, ಇಲ್ಲಿಯೂ ಪರದೇಶಿ. ಅಂಥವನನ್ನು ದೂರವು ಪರದೇಶಿಯನ್ನಾಗಿ ಮಾಡಲಿಲ್ಲ. ಬಾಳನ್ನು ನಾಳೆಗೆ ಮುಂದೂಡಿದುದೇ ಹಾಗೆ ಮಾಡಿತು.

ಈಗ ಕಲ್ಯಾಣದ ಕಡೆಗೆ ದೃಷ್ಟಿ ಹರಿಸೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣಸಮೂಹದಲ್ಲಿ ಅಲ್ಲಿಯೇ ಹುಟ್ಟಿ ಬೆಳೆದವರೆಷ್ಟು ಮಂದಿ? ಬಸವಣ್ಣನವರೇ ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವಾಡಕ್ಕೆ, ಅಲ್ಲಿಂದ ಕಲ್ಯಾಣಕ್ಕೆ ಬಂದವರು. ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಅಕ್ಕಮಹಾದೇವಿ ಉಡುತಡಿಯವಳು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ತೊರೆದು ಪತ್ನಿಯೊಡನೆ ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದನೆಂದೂ, ಮರುಳಶಂಕರದೇವನು ಆಫಘಾನಿಸ್ತಾನದ ಕಡೆಯಿಂದ ಬಂದು ಮಹಾಮನೆಯ ಪ್ರಸಾದದ ಸೇವೆಯಲ್ಲಿ ಯಾರ ಅರಿವಿಗೂ ಬಾರದೆ ಬಹುಕಾಲವಿದ್ದನೆಂದೂ ಸಂಪ್ರದಾಯವು ಹೇಳುವುದು. ಪರಸ್ಥಳದಿಂದ ಬಂದವರು ಕೂಡಿ ಕಟ್ಟಿದ ಊರೇ ಶರಣರ ಕಲ್ಯಾಣ. ಮುಂದೆ ಆ ಕಲ್ಯಾಣದಲ್ಲಿ ಕ್ಷೋಭೆಯುಂಟಾದಾಗ ಶರಣರು ಮತ್ತೊಮ್ಮೆ ನೆಲೆ ಬಿಟ್ಟರು. ಚೆನ್ನಬಸವಣ್ಣನವರೊಡನೆ ಕಾಡುದಾರಿ ಹಿಡಿದು ಉಳವಿಯತ್ತ ನಡೆದರು. ಊರು ಕಳೆದುಕೊಂಡವರ ಹೆಗಲ ಮೇಲೆ ವಚನದ ಕಟ್ಟುಗಳು ಉಳಿದು ಬಂದುವೆಂಬುದನ್ನು ನಾವು ಮರೆಯಲಾಗದು.

ಆದರೆ ಇಲ್ಲಿ ಒಂದು ಆಕ್ಷೇಪವೇಳಬಹುದು. ಮಾರಯ್ಯನು ಸಿರಿಯನ್ನು ಬಿಟ್ಟು ಬಂದವನು. ನಮ್ಮ ಮಕ್ಕಳು ಸಿರಿಯನ್ನು ಅರಸಿ ಹೋದವರು. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವುದೆಂತು? ಆಕ್ಷೇಪವು ನ್ಯಾಯವಾದುದೇ. ಅದಕ್ಕೆ ಉತ್ತರವಾಗಿ ಆದಯ್ಯನು ನಿಂತಿರುವನು. ಆದಯ್ಯನು ಸೌರಾಷ್ಟ್ರದ ವರ್ತಕ. ವ್ಯಾಪಾರಕ್ಕಾಗಿಯೇ ಅವನು ಪುಲಿಗೆರೆಗೆ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ, ಬಂದನು. ಹರಿಹರ ಕವಿಯು ಅವನ ಚರಿತೆಯನ್ನು ರಗಳೆಯಲ್ಲಿ ಹಾಡಿರುವನು. ಗಳಿಕೆಗಾಗಿ ಬಂದ ಆ ಪರದೇಶಿಯು ಕನ್ನಡವನ್ನು ತನ್ನದಾಗಿ ಮಾಡಿಕೊಂಡು ಕನ್ನಡದಲ್ಲಿಯೇ ವಚನಗಳನ್ನು ರಚಿಸಿದನು. ಆ ವಚನಗಳಿಗೆ ‘ಸೌರಾಷ್ಟ್ರ ಸೋಮೇಶ್ವರ’ನ ಹೆಸರನ್ನೇ ಅಂಕಿತವಾಗಿರಿಸಿದನು. ಇದರ ಮರ್ಮವನ್ನು ಗ್ರಹಿಸಿರಿ. ನುಡಿ ಬಂದ ನಾಡಿನದು, ಅಂಕಿತ ಬಿಟ್ಟುಬಂದ ನಾಡಿನದು. ಎರಡಕ್ಕೂ ಜಗಳವಿಲ್ಲ. ತಾಯ್ನಾಡನ್ನು ಮರೆತರೆ ಮಾತ್ರ ಹೊಸ ನಾಡಿನವನಾಗಬಹುದೆಂಬ ಮತವೂ, ಹೊಸ ನಾಡನ್ನು ಪ್ರೀತಿಸಿದರೆ ತಾಯ್ನಾಡಿಗೆ ದ್ರೋಹವೆಂಬ ಮತವೂ ಆದಯ್ಯನ ಮುಂದೆ ನಿಲ್ಲಲಾರವು. ಮಾರಯ್ಯನಾಗಲಾರದವನು ಆದಯ್ಯನಾಗಬಹುದು. ಗಳಿಸಲು ಹೊರಟುದು ತಪ್ಪಲ್ಲ. ಗಳಿಕೆಯಲ್ಲಿಯೇ ನಿಂತುಬಿಡುವುದು ತಪ್ಪು.

ಇನ್ನು ಕಾಯಕದ ವಿಚಾರ. ಉದ್ಯೋಗವೆಲ್ಲವೂ ಕಾಯಕವೆಂದು ತಿಳಿಯುವುದು ಇಂದಿನ ರೂಢಿ. ಶರಣರ ಕಾಯಕಕ್ಕೆ ಮೂರು ಅಂಗಗಳು: ದುಡಿಮೆಯು ಸತ್ಯಶುದ್ಧವಾಗಿರಬೇಕು, ಅದರ ಫಲದಲ್ಲಿ ತನಗೆ ಬೇಕಾದಷ್ಟನ್ನೇ ಇರಿಸಿಕೊಳ್ಳುವ ಮಿತಿಯಿರಬೇಕು, ಮಿಕ್ಕುದು ದಾಸೋಹವಾಗಿ ಸಮಾಜಕ್ಕೆ ಸಲ್ಲಬೇಕು. ಮೊದಲನೆಯ ಅಂಗದಲ್ಲಿ ನಮ್ಮ ಮಕ್ಕಳು ಹಿಂದೆ ಬಿದ್ದವರಲ್ಲ, ಪ್ರಾಮಾಣಿಕವಾಗಿಯೇ ದುಡಿಯುವರು. ಎರಡನೆಯದೇ ಕಠಿನ. ಸಾಲ ತೀರುವವರೆಗೆ ಎಂದು ಹೋದವನು ಮನೆ ಕೊಳ್ಳುವವರೆಗೆ ಎನ್ನುವನು. ಮನೆಯಾದ ಮೇಲೆ ದೊಡ್ಡ ಮನೆಯಾಗುವವರೆಗೆ ಎನ್ನುವನು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವು ನಿಮಗೆಲ್ಲ ತಿಳಿದೇ ಇದೆ. ಪತಿಯು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿದಳು. ಆ ಅಕ್ಕಿಯನ್ನು ಯಾರಿಂದಲೂ ಕದ್ದು ತಂದಿರಲಿಲ್ಲ. ಆದರೂ ಮಿತಿಯನ್ನು ಮೀರಿದ ಗಳಿಕೆಯಿಂದ ಕಾಯಕದ ಶುದ್ಧಿ ಕೆಡುವುದೆಂದು ಆ ಮಹಾತಾಯಿ ಅರಿತಿದ್ದಳು. ಪರದೇಶದಲ್ಲಿರುವ ಪ್ರತಿಯೊಂದು ಮನೆಯಲ್ಲಿಯೂ ಪತಿಪತ್ನಿಯರು ವರ್ಷಕ್ಕೊಮ್ಮೆಯಾದರೂ ಕುಳಿತು ‘ನಮಗೆ ಎಷ್ಟು ಸಾಕು?’ ಎಂದು ಕೇಳಿಕೊಳ್ಳಲಿ. ಆ ಪ್ರಶ್ನೆಗೆ ಉತ್ತರ ದೊರೆತ ದಿನವೇ ಅಲೆತಕ್ಕೆ ಒಂದು ದಡ ಕಂಡಂತೆ.

ದುಡಿಯಲು ಅನುಮತಿಯೇ ಇಲ್ಲದವರ ಪಾಡೇನು? ಎಚ್-1ಬಿ ವೀಸಾದವನ ಪತ್ನಿಗೆ ಎಚ್-4 ಎಂಬ ವೀಸಾ ದೊರೆಯುವುದು; ಅದರಿಂದ ಸಂಬಳದ ಕೆಲಸ ಮಾಡುವಂತಿಲ್ಲ. 2015ರ ನಿಯಮದಿಂದ, ಪತಿಯ ಶಾಶ್ವತ ನಿವಾಸದ ಕೋರಿಕೆಯು ಒಂದು ಹಂತವನ್ನು ಮುಟ್ಟಿದ ಕೆಲವರಿಗೆ ಮಾತ್ರ ಆ ಅವಕಾಶವಾಯಿತು. ಎಂಜಿನಿಯರಿಂಗೋ ವೈದ್ಯಕೀಯವೋ ಓದಿದ ಹೆಣ್ಣುಮಗಳು ನಾಲ್ಕು ಗೋಡೆಗಳ ನಡುವೆ ವರ್ಷಗಳನ್ನು ಎಣಿಸುವುದು ಸಣ್ಣ ನೋವಲ್ಲ. ‘ಸುಖವಾಗಿರುವೆಯಲ್ಲಾ’ ಎಂದು ಆ ನೋವನ್ನು ತಳ್ಳಿಹಾಕುವುದು ಧರ್ಮವಲ್ಲ. ಆದರೂ ಕಾನೂನು ತಡೆಯುವುದು ಸಂಬಳವನ್ನೇ ಹೊರತು ಕಾಯಕವನ್ನಲ್ಲವೆಂಬುದನ್ನು ಆಕೆ ಬಲ್ಲವಳಾಗಲಿ. ನೆರೆಹೊರೆಯ ಕನ್ನಡ ಮಕ್ಕಳಿಗೆ ಅಕ್ಷರ ಕಲಿಸುವುದು, ಒಂಟಿಯಾದ ವೃದ್ಧರ ಬಳಿ ಕುಳಿತು ಮಾತನಾಡುವುದು, ಹಸಿದವರಿಗೆ ಆಹಾರ ಹಂಚುವ ಕೇಂದ್ರದಲ್ಲಿ ಕೈಗೂಡಿಸುವುದು, ಇವೆಲ್ಲವೂ ಸಂಬಳವಿಲ್ಲದ ಕಾಯಕಗಳೇ. ಪತಿಯಾದವನೂ ‘ದುಡಿಯುವವನು ನಾನೊಬ್ಬನೇ’ ಎಂಬ ಭಾವವನ್ನು ಬಿಡತಕ್ಕದ್ದು. ಅಕ್ಕಿ ಆಯ್ದವನು ಮಾರಯ್ಯನಾದರೂ ಅದರ ಲೆಕ್ಕ ನಿರ್ಣಯಿಸಿದವಳು ಲಕ್ಕಮ್ಮನೇ ಅಲ್ಲವೆ?

ಇನ್ನು ಪೂಜೆಯ ಮಾತು. ದೇವರು ಊರ ಗುಡಿಯಲ್ಲಿ ಉಳಿದ, ನಾವು ದೂರ ಬಂದೆವು ಎಂದು ಕೊರಗುವ ಪ್ರಸಂಗವು ಲಿಂಗಧಾರಿಗೆ ಬರಲಾರದು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನು ಎಲ್ಲಿ ನಿಂತರೂ ಅದೇ ಅವನ ಕ್ಷೇತ್ರ. ಅವನ ಅಂಗೈಯೇ ಗರ್ಭಗುಡಿ. ಬಾಡಿಗೆಯ ಕೋಣೆಯ ಒಂದು ಮೂಲೆ, ಅರ್ಧ ಗಂಟೆಯ ಮೌನ, ಶುದ್ಧವಾದ ಮನಸ್ಸು ಇಷ್ಟಿದ್ದರೆ ಸಾಕು. ನಮ್ಮ ಸಂಜೆಯ ಹೊತ್ತು ಅಮೆರಿಕದ ಪಶ್ಚಿಮ ತೀರದಲ್ಲಿ ನಸುಕಾಗಿರುವುದು. ತಾಯಿಯು ಇಲ್ಲಿ ಸಂಜೆಯ ಪೂಜೆಗೆ ಕುಳಿತಾಗ ಮಗನು ಅಲ್ಲಿ ಮುಂಜಾವಿನ ಪೂಜೆಗೆ ಕುಳಿತರೆ, ಭೂಮಿಯ ಎರಡು ಮಗ್ಗುಲುಗಳಲ್ಲಿ ಒಂದೇ ಪೂಜೆ ನಡೆದಂತಾಗುವುದು. ಅಂಥ ತಾಯಿಮಕ್ಕಳನ್ನು ಯಾವ ಸಮುದ್ರವು ಅಗಲಿಸೀತು?

ದಾಸೋಹದ ವಿಷಯದಲ್ಲಿ ಒಂದು ಋಣವನ್ನು ನೆನೆಯಬೇಕಾಗಿದೆ. ಇಂದು ಪರದೇಶದಲ್ಲಿ ಉನ್ನತ ಸ್ಥಾನದಲ್ಲಿರುವವರಲ್ಲಿ ಕೆಲವರಾದರೂ ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತುದನ್ನು ನಾಡೆಲ್ಲ ಬಲ್ಲುದು. ಮಠದ ಕಣಜಕ್ಕೆ ರಾಗಿ ಜೋಳ ತಂದು ಸುರಿದ ರೈತನು ಆ ಅನ್ನವನ್ನು ಉಣ್ಣುವ ಹುಡುಗನು ಯಾರೆಂದು ಕೇಳಲಿಲ್ಲ. ಕಲಿತು ಯಾವ ದೇಶಕ್ಕೆ ಹೋಗುವನೆಂದೂ ವಿಚಾರಿಸಲಿಲ್ಲ. ಆ ಋಣವನ್ನು ತೀರಿಸುವುದೆಂತು? ಊರಿನ ಶಾಲೆಗೆ, ಬಡ ವಿದ್ಯಾರ್ಥಿಗೆ ನೆರವಾಗುವುದು ಒಂದು ದಾರಿ. ಅಷ್ಟೇ ಸಾಲದು. ಗುರುತಿಲ್ಲದವನಿಗೆ ಕೊಟ್ಟ ಅನ್ನದ ಋಣವು ಗುರುತಿಲ್ಲದವನಿಗೆ ಕೊಟ್ಟಾಗಲೇ ತೀರತಕ್ಕದ್ದು. ತಾನು ಯಾವ ಬೀದಿಯಲ್ಲಿ ವಾಸಿಸುವನೋ ಆ ಬೀದಿಯ ಹಸಿದವನು, ರೋಗಿ, ಮುಪ್ಪಿನವನು, ಅವನ ಬಣ್ಣ ನುಡಿ ಮತಗಳು ಯಾವುವೇ ಇರಲಿ, ಅವನೇ ಆ ಋಣವನ್ನು ಸ್ವೀಕರಿಸಲು ಬಂದ ಜಂಗಮ. ನಮ್ಮವರನ್ನಷ್ಟೇ ನಮ್ಮವರೆಂದು ಬಗೆದು ತಿಂಗಳಿಗೊಮ್ಮೆ ಕೂಡಿ ಉಂಡು ಚದುರುವುದರಿಂದ ಊರ ನೆನಪು ತಣಿಯಬಹುದು, ದಾಸೋಹವು ಪೂರ್ಣವಾಗದು.

2015ನೆಯ ನವೆಂಬರ್ 14ರಂದು ಲಂಡನ್ ನಗರದ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆಯನ್ನು ಭಾರತದ ಪ್ರಧಾನಮಂತ್ರಿಗಳಾದ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ನಮಗೆಲ್ಲ ಅದು ಹೆಮ್ಮೆಯ ದಿನ. ಆದರೆ ಪ್ರತಿಮೆಯು ಸ್ಥಾವರ, ಇಟ್ಟಲ್ಲಿ ಇರುವುದು. ಅದರ ಮುಂದೆ ದಿನವೂ ಹಾದುಹೋಗುವ ಅನ್ಯನಾಡಿನ ಜನರು ‘ಈ ಮಹಾನುಭಾವರು ಏನನ್ನು ಬೋಧಿಸಿದರು?’ ಎಂದು ಕೇಳಿದರೆ ಲೋಹವು ಉತ್ತರ ಹೇಳಲಾರದು. ಅಲ್ಲಿ ಬಾಳುವ ನಮ್ಮ ವೈದ್ಯನು ರೋಗಿಯನ್ನು ನೋಡುವ ಬಗೆ, ನಮ್ಮ ಎಂಜಿನಿಯರನು ಕೈಕೆಳಗಿನವರೊಡನೆ ನಡೆದುಕೊಳ್ಳುವ ಬಗೆ, ಮನೆಗೆಲಸದವರನ್ನು ನಮ್ಮ ಹೆಣ್ಣುಮಕ್ಕಳು ಸರಿಸಮವಾಗಿ ಕುಳ್ಳಿರಿಸಿ ಉಣಬಡಿಸುವ ಬಗೆ, ಇವೇ ಉತ್ತರ. ಜಂಗಮವಾಗಿ ನಡೆದಾಡಬೇಕಾದವರು ಅವರು.

ಕಡೆಯದಾಗಿ ಇಲ್ಲಿಯೇ ಇರುವ ತಂದೆತಾಯಿಗಳಿಗೆ ಒಂದು ಮಾತು. ‘ನಮ್ಮ ಮಗ ಅಮೆರಿಕದಲ್ಲಿರುವನು’ ಎಂದು ನೀವು ಹತ್ತು ಜನರ ಮುಂದೆ ಹೇಳುವ ಹೆಮ್ಮೆಯು ಆ ಮಗನ ಹೆಗಲ ಮೇಲೆ ಭಾರವಾಗಿ ಕುಳಿತಿರಬಹುದು. ಕೆಲಸ ಹೋಗಿ 60 ದಿನಗಳನ್ನು ಎಣಿಸುತ್ತಿರುವವನು ನಿಮ್ಮೊಡನೆ ಫೋನಿನಲ್ಲಿ ನಗುತ್ತ ಮಾತನಾಡುತ್ತಿರಬಹುದು. ನಿಮ್ಮ ಮಾನಕ್ಕೆ ಕುಂದೆಂದು ನಿಜವನ್ನು ನುಂಗಿರಬಹುದು. ಅವನು ಕಳುಹಿಸುವ ಹಣವನ್ನು ಕೇಳುವ ಮುನ್ನ ಅವನ ಮನಸ್ಸನ್ನು ಕೇಳಿರಿ. ‘ಬರಿಗೈಯಲ್ಲಿ ಬಂದರೂ ಇದು ನಿನ್ನ ಮನೆ’ ಎಂಬ ಒಂದು ಮಾತನ್ನು ಇಂದೇ ಹೇಳಿಬಿಡಿರಿ. ಹಿಂದಿರುಗಲು ಒಂದು ಬಾಗಿಲು ತೆರೆದಿದೆಯೆಂದು ಬಲ್ಲವನು ತಾನಿರುವಲ್ಲಿ ನಿರ್ಭಯವಾಗಿ ಬಾಳುವನು.

ದೂರದಲ್ಲಿರುವ ಮಕ್ಕಳೇ, ನಿಮ್ಮ ಬಾಳಿನ ಗುರಿಯು ಬಿಟ್ಟುಬಂದ ಊರಿನಲ್ಲಿ ಕಳೆದುಹೋಗಿಲ್ಲ. ಕೈಸೇರಲಿರುವ ಕಾಗದಪತ್ರದಲ್ಲಿಯೂ ಅಡಗಿಲ್ಲ. ಮೋಳಿಗೆಯ ಮಾರಯ್ಯನು ಒಮ್ಮೆ ಲಿಂಗೈಕ್ಯಕ್ಕಾಗಿ ಹಂಬಲಿಸಿದಾಗ, ಆ ಹಂಬಲದಲ್ಲಿಯೇ ಕೊರತೆಯಿರುವುದನ್ನು ಪತ್ನಿ ಮಹಾದೇವಿಯು ಅವನಿಗೆ ತೋರಿಸಿಕೊಟ್ಟ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುವುದು. ಕಾಶ್ಮೀರವನ್ನು ದಾಟಿ ಬಂದವನಿಗೂ ಇನ್ನೊಂದೆಡೆಯ ಹಂಬಲ ಕಾಡಿತೆಂದ ಮೇಲೆ ನಮ್ಮ ನಿಮ್ಮ ಪಾಡೇನು! ಆ ತಾಯಿಯ ಬೋಧೆ ನಿಮಗೂ ಸಲ್ಲುವುದು. ಲಿಂಗವು ಅಂಗೈಯಲ್ಲಿದೆ, ಕಾಯಕವು ಕೈಯಲ್ಲಿದೆ, ಜಂಗಮವು ನೆರೆಮನೆಯಲ್ಲಿದೆ. ಈ ಮೂರನ್ನು ಪಡೆದವನು ಯಾವ ನೆಲದ ಮೇಲೆ ನಿಂತರೂ ಪರದೇಶಿಯಲ್ಲ. ಇವನ್ನು ಮರೆತವನು ಹುಟ್ಟಿದ ಹಟ್ಟಿಯನ್ನು ಬಿಟ್ಟು ಕದಲದಿದ್ದರೂ ಪರದೇಶಿಯೇ.