ಇಂದಿನ ಧಮ್ಮ ಚಿಂತನೆ: ಬೀಗ ಹಾಕಿದ ಕಪಾಟು





ಈ ವಾರ ನಾವು ಪಂಚಶೀಲದ ನಾಲ್ಕನೆಯ ಶೀಲವನ್ನು ಓದುತ್ತಿದ್ದೇವೆ. ಸುಳ್ಳಿನಿಂದ ದೂರ ಇರುತ್ತೇನೆ ಎನ್ನುವ ಶೀಲ. ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಬೇರೆಯವರ ಸುಳ್ಳಿನ ಉದಾಹರಣೆ ಹುಡುಕುವುದಕ್ಕಿಂತ ನಾನೇ ಹೇಳಿದ ಒಂದು ಸುಳ್ಳನ್ನು ನಿಮ್ಮ ಮುಂದೆ ಇಡುತ್ತೇನೆ. ಅದು ಒಂದು ಸಿನಿಮಾ ಡಿಸ್ಕಿನ ವಿಷಯ.

ನಮ್ಮ ಮನೆಗೆ ಬಂದವರಿಗೆ ನನ್ನ ಕಪಾಟು ಗೊತ್ತು. ಕೊಣಾಜೆಯಲ್ಲಿ ಕನ್ನಡ ಎಂ.ಎ. ಓದುವಾಗ ಹಳೆಯ ಸಿನಿಮಾಗಳ ಹುಚ್ಚು ಹಿಡಿಯಿತು. ಕೆಲಸ ಸಿಕ್ಕಿದ ಮೇಲೆ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಟ್ಟು ವಿಸಿಡಿ, ಡಿವಿಡಿ ಕೊಳ್ಳತೊಡಗಿದೆ. ಆಗ ವಿಸಿಡಿಯ ಕಾಲ. ಒಂದು ಡಿಸ್ಕಿನಲ್ಲಿ ಸುಮಾರು 74 ನಿಮಿಷ ಮಾತ್ರ ಹಿಡಿಯುತ್ತಿದ್ದುದರಿಂದ ಒಂದು ಸಿನಿಮಾಕ್ಕೆ ಎರಡು ಡಿಸ್ಕು, ಉದ್ದದ ಸಿನಿಮಾ ಆದರೆ ಮೂರು. ಮೊದಲು ಬೆಲೆ ಹೆಚ್ಚಿತ್ತು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿದ ಮೇಲೆ ನಮ್ಮಂಥವರಿಗೂ ಕೈಗೆಟುಕಿತು. ಉಡುಪಿಗೆ ಹೋದರೆ ಸರ್ವಿಸ್ ಬಸ್ ಸ್ಟ್ಯಾಂಡಿನ ಸುತ್ತ, ಕಾರ್ಕಳಕ್ಕೆ ಹೋದರೆ ಪೇಟೆಯಲ್ಲಿ, ಬಸ್ಸು ತಪ್ಪಿದರೂ ಸರಿ ಎಂದು ಹುಡುಕುತ್ತಿದ್ದೆ. ಆಮೇಲೆ ಮೊಬೈಲ್ ಬಂದು ಅಂಗಡಿಗಳು ಮುಚ್ಚತೊಡಗಿದಾಗ ಉಳಿದದ್ದನ್ನೂ ಕಡಿಮೆ ಬೆಲೆಗೆ ತಂದೆ.

ಹೀಗೆ ಮುನ್ನೂರಕ್ಕಿಂತ ಹೆಚ್ಚು ಸಿನಿಮಾ ಸೇರಿದವು. ಮೊದಲು ಸೆನ್ಸಾರ್ ಒಪ್ಪದ, ಆಮೇಲೆ ರಾಷ್ಟ್ರಪ್ರಶಸ್ತಿ ಪಡೆದ 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986). ಹಿಂದಿಯ 'ಅಛೂತ್ ಕನ್ಯಾ' (1936), 'ಸುಜಾತಾ' (1959), 'ಅಂಕುರ್' (1974). ಮುಂಬಯಿಯ ರಮಾಬಾಯಿ ನಗರದಲ್ಲಿ 1997ರಲ್ಲಿ ಪೊಲೀಸರ ಗುಂಡಿಗೆ ಹತ್ತು ಜನ ಸತ್ತದ್ದರಿಂದ ಶುರುವಾಗಿ ಹದಿನಾಲ್ಕು ವರ್ಷ ಚಿತ್ರೀಕರಣಗೊಂಡ ಆನಂದ್ ಪಟವರ್ಧನ್ ಅವರ 'ಜೈ ಭೀಮ್ ಕಾಮ್ರೇಡ್' (2011). ಮತ್ತು ಜಬ್ಬಾರ್ ಪಟೇಲ್ ನಿರ್ದೇಶನದಲ್ಲಿ ಮಮ್ಮುಟ್ಟಿ ಬಾಬಾಸಾಹೇಬರ ಪಾತ್ರ ಮಾಡಿದ ಸಿನಿಮಾದ ಡಿವಿಡಿ. ಆ ಪಾತ್ರಕ್ಕೆ ಮಮ್ಮುಟ್ಟಿಗೆ ರಾಷ್ಟ್ರಪ್ರಶಸ್ತಿ ಬಂತು. ನನ್ನ ಕಪಾಟಿನಲ್ಲಿ ಅತಿ ಬೆಲೆಯುಳ್ಳದ್ದು ಅದು ಎಂದು ನಾನು ಎಣಿಸಿದ್ದೆ.

ಕಪಾಟಿಗೆ ಬೀಗ. ಬೀಗದ ಕೈ ನನ್ನ ಜನಿವಾರದ ಜಾಗದಲ್ಲಿ ಎಂದು ಹೆಂಡತಿ ತಮಾಷೆ ಮಾಡುವಳು. ನಾನು ನಗುತ್ತಿದ್ದೆ. ಈಗ ಯೋಚಿಸಿದರೆ ಅದು ತಮಾಷೆಯಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಮೊದಲ ವಾರ. ನಮ್ಮ ಕಾಲನಿಯ ಒಬ್ಬ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ಸಂಜೆ ಮನೆಗೆ ಬಂದ. "ಮಾಷ್ಟ್ರೇ, ಜಯಂತಿಗೆ ಈ ಸಲ ಬರೀ ಭಾಷಣ ಬೇಡ ಅಂತ ಉಂಟು. ನಿಮ್ಮಲ್ಲಿ ಬಾಬಾಸಾಹೇಬರ ಸಿನಿಮಾ ಉಂಟಲ್ಲ, ಎರಡು ದಿನಕ್ಕೆ ಕೊಡ್ತೀರಾ? ಪ್ಲೇಯರ್ ಕೂಡ ಸಿಕ್ಕಿದರೆ ಒಳ್ಳೇದಿತ್ತು" ಎಂದ.

ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಬಾಬಾಸಾಹೇಬರಲ್ಲ, ಡಿಸ್ಕಿನ ಮೇಲೆ ಬೀಳುವ ಗೀರು. ಯಾರ್‍ಯಾರೋ ಕೈ ಹಾಕುತ್ತಾರೆ, ಹಿಂದೆ ಬರುತ್ತದೋ ಇಲ್ಲವೋ. ಬಾಯಿಂದ ಬಂದದ್ದು ಇಷ್ಟು: "ಪ್ಲೇಯರ್ ಹಾಳಾಗಿದೆ ಮಾರಾಯ. ಆ ಡಿವಿಡಿ ಯಾರೋ ತಕ್ಕೊಂಡು ಹೋಗಿದ್ದಾರೆ, ಬಂದ ಮೇಲೆ ಹೇಳ್ತೇನೆ."

"ಪರವಾಗಿಲ್ಲ ಮಾಷ್ಟ್ರೇ" ಎಂದು ಹೋದ. ಜಯಂತಿಯ ದಿನ ಭಾಷಣ ಮಾಡಿದವನು ನಾನೇ. ಸತ್ಯದ ಬಗ್ಗೆಯೂ ಮಾತಾಡಿದ್ದೆ.

ಬಂಧುಗಳೇ, ದೀಕ್ಷೆಯ ದಿನ ನಾವೆಲ್ಲ 22 ಪ್ರತಿಜ್ಞೆಗಳನ್ನು ನಿಂತು ಹೇಳಿದವರು. ಕದಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದವರು. ನಾನು ಆ ಮಾತನ್ನು ಮುರಿದದ್ದು ಹೊಟ್ಟೆಪಾಡಿಗಾಗಿ ಅಲ್ಲ, ಪ್ರಾಣಭಯದಿಂದಲೂ ಅಲ್ಲ. 34 ರೂಪಾಯಿಯ ತಟ್ಟೆಗೆ ಗೀರು ಬೀಳಬಾರದು ಎಂದು.

ಸುಳ್ಳು ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆ ಯಾವುದೋ ಒಂದನ್ನು ಬಿಗಿಯಾಗಿ ಹಿಡಿದ ಕೈ ಇರುತ್ತದೆ. ಅಂಗುತ್ತರ ನಿಕಾಯದಲ್ಲಿ ಭಗವಾನರು ಐದು ಬಗೆಯ ಮಚ್ಛರಿಯವನ್ನು, ಅಂದರೆ ಜಿಪುಣತನವನ್ನು, ಹೇಳುತ್ತಾರೆ. ಇರುವ ಜಾಗ ನನಗೇ ಇರಲಿ ಎನ್ನುವುದು ಒಂದು. ಬೇಕಾದ ಮನೆಗಳ ಜನ ನನ್ನವರೇ ಆಗಿರಲಿ ಎನ್ನುವುದು ಎರಡು. ಲಾಭ ನನಗೇ, ಹೊಗಳಿಕೆ ನನಗೇ ಎನ್ನುವುದು ಮೂರು ಮತ್ತು ನಾಲ್ಕು. ಐದನೆಯದು ಧಮ್ಮದ ವಿಷಯದಲ್ಲಿ ಜಿಪುಣತನ. ತಿಳಿದದ್ದನ್ನು ಇನ್ನೊಬ್ಬನಿಗೆ ಕೊಡದೆ ಇಟ್ಟುಕೊಳ್ಳುವುದು. ಐದರಲ್ಲೂ ಕೀಳಾದದ್ದು ಇದು ಎಂದು ಭಗವಾನರ ಮಾತು.

ನನ್ನ ಕಪಾಟಿನಲ್ಲಿ ಈ ಐದರಲ್ಲಿ ಮೂರು ಇದ್ದವು. ವಸ್ತು ನನ್ನದು. "ಮಾಷ್ಟ್ರ ಹತ್ತಿರ ಉಂಟಂತೆ" ಎನ್ನುವ ಹೊಗಳಿಕೆ ನನ್ನದು. ಒಳಗಿದ್ದ ನಮ್ಮ ಜನರ ಕಥೆಯೂ ನನ್ನೊಬ್ಬನದು.

ಹಾಗಾದರೆ ಸಂಗ್ರಹವೇ ತಪ್ಪೇ? ಅಲ್ಲ. ಇದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಜೋಪಾನ ಮಾಡುವವರು ಇಲ್ಲದ ಕಡೆ ನಮ್ಮಂಥವರ ಚರಿತ್ರೆ ಮೊದಲು ಅಳಿಯುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್‌ನಲ್ಲಿ ತೆರೆಕಂಡಿತು. ಇವತ್ತು ನೋಡೋಣ ಎಂದರೆ ಒಂದು ಪ್ರತಿಯೂ ಇಲ್ಲ. ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್' ಕೂಡ ಹೋಯಿತು. ಅದರ ನಾಯಕಿ ಪಿ.ಕೆ. ರೋಸಿ ನಮ್ಮಂತೆ ದಲಿತ ಹೆಣ್ಣುಮಗಳು. ನಾಯರ್ ಹೆಂಗಸಿನ ಪಾತ್ರ ಮಾಡಿದಳೆಂದು ಮೇಲ್ಜಾತಿಯವರು ಅವಳನ್ನು ಊರು ಬಿಡಿಸಿದರು. ಸಿನಿಮಾದ ಪ್ರತಿ ಇದ್ದಿದ್ದರೆ ಅವಳು ನಡೆದದ್ದು, ನಕ್ಕದ್ದು ನಮ್ಮ ಹೆಣ್ಣುಮಕ್ಕಳಿಗೆ ಕಾಣುತ್ತಿತ್ತು.

ಬಾಬಾಸಾಹೇಬರೂ ಸಂಗ್ರಹ ಮಾಡಿದವರೇ. ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದ್ದು ಪುಸ್ತಕಗಳಿಗೆ ಜಾಗ ಬೇಕೆಂದು. ಒಂದು ಪುಸ್ತಕ ಕಳೆದರೆ ಅವರಿಗೆ ನೋವಾಗುತ್ತಿತ್ತು. ಆದರೆ ಆ ಪುಸ್ತಕಗಳಿಂದ ಅವರು ಕೆಲಸ ಮಾಡಿದರು, ಬರೆದರು, ವಾದಿಸಿದರು. ಅವರೇ ಕಟ್ಟಿದ ಸಿದ್ಧಾರ್ಥ ಕಾಲೇಜಿನ ಗ್ರಂಥಾಲಯದಲ್ಲಿ ಅವರ ಪುಸ್ತಕಗಳು ವಿದ್ಯಾರ್ಥಿಗಳ ಕೈಗೆ ಸಿಕ್ಕವು.

ಸಿನಿಮಾದ ವಿಷಯದಲ್ಲಿ ಇಂಥದೇ ಒಬ್ಬರು ಪಿ.ಕೆ. ನಾಯರ್. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು. ಹಾಳಾಗುತ್ತಿದ್ದ ರೀಲುಗಳನ್ನು ಹುಡುಕಿ ಹುಡುಕಿ ತಂದರು. ತಂದು ಡಬ್ಬದಲ್ಲಿ ಮುಚ್ಚಿಡಲಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಜೊತೆ ಸೇರಿ ಅಡಿಕೆ ಬೆಳೆಯುವ ರೈತರಿಗೆ 'ರಾಶೋಮನ್' ತೋರಿಸಿದರು, 'ಪಥೇರ್ ಪಾಂಚಾಲಿ' ತೋರಿಸಿದರು. ಜೋಪಾನ ಎಂದರೆ ಏನು ಎಂದು ಅವರಿಂದ ಕಲಿಯಬೇಕು. ತೋರಿಸುವುದಕ್ಕಾಗಿ ಇಡುವುದು ಜೋಪಾನ. ತೋರಿಸದೆ ಇಡುವುದು ಬಚ್ಚಿಡುವುದು.

ನನ್ನ ಕಥೆಗೆ ಬರುತ್ತೇನೆ. ಆ ವರ್ಷ ನಮ್ಮಲ್ಲಿ ಮಳೆ ಜೋರು. ಕರಾವಳಿಯ ಮಳೆಗಾಲ ನಿಮಗೆ ಗೊತ್ತು, ಚಪ್ಪಲಿಗೂ ಬೂಸ್ಟು ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಕಪಾಟು ತೆರೆದರೆ ವಾಸನೆ. ಡಿಸ್ಕುಗಳ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಬೂಸ್ಟು. ಗಾಳಿ ಬೆಳಕು ಬರಬಾರದೆಂದು ನಾನೇ ಬಾಗಿಲ ಸಂದಿಗೆ ಬಟ್ಟೆ ತುರುಕಿದ್ದೆ. ಒಳಗಿನ ಪಸೆ ಒಳಗೇ ಕೂತಿತು. ಬಾಬಾಸಾಹೇಬರ ಡಿವಿಡಿ ಹಾಕಿದೆ. ಅರ್ಧ ದಾರಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಒರೆಸಿ ಮತ್ತೆ ಹಾಕಿದೆ, ಅಲ್ಲೇ ನಿಂತಿತು. ನೂರು ಜನ ನೋಡಿದರೂ ಅದಕ್ಕೆ ಅಷ್ಟು ಹಾನಿ ಆಗುತ್ತಿರಲಿಲ್ಲ.

ಎಲ್ಲವೂ ಅನಿಚ್ಚ ಎಂದು ದಿನವೂ ಹೇಳುತ್ತೇವೆ. ನನ್ನ ಕಪಾಟು ಅದಕ್ಕೆ ಹೊರತು ಎಂದು ಒಳಗೊಳಗೆ ನಂಬಿದ್ದೆ.

ಮಾರನೇ ದಿನ ಆ ಹುಡುಗನ ಮನೆಗೆ ಹೋಗಿ ನಿಜ ಹೇಳಿದೆ. ಅವನು ನೆಲ ನೋಡುತ್ತ ಹೇಳಿದ: "ನನಗೆ ಆವಾಗಲೇ ಗೊತ್ತಿತ್ತು ಮಾಷ್ಟ್ರೇ. ಪ್ಲೇಯರ್ ಹಾಳಾಗಿದೆ ಅಂತ ನೀವು ಹೇಳುವಾಗ ಒಳಗೆ ಸಿನಿಮಾ ಓಡುವುದು ಕೇಳ್ತಾ ಇತ್ತು."

ಐದು ತಿಂಗಳು ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಮೇಷ್ಟರ ಮರ್ಯಾದೆಯನ್ನು ವಿದ್ಯಾರ್ಥಿ ಕಾಪಾಡಿದ್ದ.

ಆ ಭಾನುವಾರ ನಾವಿಬ್ಬರೂ ಕೂತು ಡಿಸ್ಕುಗಳನ್ನೆಲ್ಲ ಒರೆಸಿದೆವು. ಹತ್ತಿಯ ಮೆತ್ತನೆ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತು ಹಾಕಿ ಒರೆಸಿದರೆ ಗೀರು ಹೆಚ್ಚು ಕೆಡುಕು ಮಾಡುತ್ತದೆ. ಹೆಚ್ಚಿನವು ಉಳಿದವು. ಮನೆಯಲ್ಲಿ ಬರೆದುಕೊಂಡ ಡಿಸ್ಕುಗಳೇ ಹೆಚ್ಚು ಹೋಗಿದ್ದವು. 'ಚೋಮನ ದುಡಿ'ಯ ಎರಡೂ ಡಿಸ್ಕು ಓಡಿದವು. ಅದನ್ನೇ ಆ ರಾತ್ರಿ ಕಾಲನಿಯ ಒಂದು ಮನೆಯ ಜಗಲಿಯಲ್ಲಿ ಹಾಕಿದೆವು. ಇಪ್ಪತ್ತು ಇಪ್ಪತ್ತೈದು ಜನ.

ಕಥೆ ನಿಮಗೆ ಗೊತ್ತು. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ ಚಿತ್ರ. ಸ್ವರ್ಣಕಮಲ ಪಡೆಯಿತು, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬೇಸಾಯ ಮಾಡಲು ಒಂದು ತುಂಡು ಭೂಮಿ ಬೇಕೆಂದು ಆಸೆಪಟ್ಟ ಅಸ್ಪೃಶ್ಯನಿಗೆ ಎತ್ತಿದ್ದರೂ ಭೂಮಿ ಸಿಗುವುದಿಲ್ಲ. ಹೊಳೆಯಲ್ಲಿ ಮುಳುಗುವ ಅವನ ಮಗುವನ್ನು ಮುಟ್ಟಿ ಎತ್ತುವವರಿಲ್ಲ. ಎಂ.ಎ.ಯಲ್ಲಿ ಇದರ ಮೇಲೆ ಪ್ರಬಂಧ ಬರೆದವನು ನಾನು. ಒಬ್ಬನೇ ಕೂತು ಏಳೆಂಟು ಸಲ ನೋಡಿದವನು.

ಸಿನಿಮಾ ಮುಗಿದ ಮೇಲೆ ಎಂಬತ್ತರ ಹತ್ತಿರದ ಒಬ್ಬರು ಅಜ್ಜಿ ತುಳುವಿನಲ್ಲಿ ಹೇಳಿದರು: ಅವನಿಗೆ ಎತ್ತಾದರೂ ಇತ್ತು, ನಮ್ಮಪ್ಪನಿಗೆ ಅದೂ ಇರಲಿಲ್ಲ. ಆಮೇಲೆ ಅವರೇ ಮುಂದುವರಿಸಿದರು. 1974ರ ಭೂಸುಧಾರಣೆ ಬಂದು ಎಲ್ಲರೂ ಡಿಕ್ಲರೇಷನ್ ಕೊಡುವಾಗ ಅವರ ಅಪ್ಪನೂ ಕೇಳಲು ಹೋದರಂತೆ. ನೀನು ಗೇಣಿಗೆ ಮಾಡಿದವನಲ್ಲ, ಕೂಲಿಗೆ ಮಾಡಿದವನು ಎಂದು ಕಳಿಸಿದರಂತೆ. ಉಳುವವನಿಗೆ ಭೂಮಿ ಬಂತು, ಉಳುವವನ ಕೈಕೆಳಗೆ ಉತ್ತವನಿಗೆ ಬರಲಿಲ್ಲ. ಅಜ್ಜಿಯ ಮೊಮ್ಮಗಳು, ಎಂಟನೇ ತರಗತಿಯವಳು, ಕೇಳಿದಳು: "ಸರ್, ಚೋಮ ಯಾಕೆ ಕಂಪ್ಲೇಂಟ್ ಕೊಡಲಿಲ್ಲ?" ಅವಳಿಗೆ ಉತ್ತರ ಹೇಳುತ್ತ ಹೇಳುತ್ತ ಮಹಾಡ್‌ನ ಕೆರೆ, ಸಂವಿಧಾನ, ನಾಗಪುರದ ದೀಕ್ಷೆ ಎಲ್ಲ ಬಂದವು. ರಾತ್ರಿ ಹನ್ನೊಂದೂವರೆ ಆಯಿತು. ಯಾರೂ ಏಳಲಿಲ್ಲ.

ಅಜ್ಜಿ ಆ ಮಾತನ್ನು ಎಪ್ಪತ್ತನಾಲ್ಕರಿಂದ ಇಟ್ಟುಕೊಂಡಿದ್ದರು, ಯಾರೂ ಕೇಳಿರಲಿಲ್ಲ. ನಾನು ಸಿನಿಮಾವನ್ನು ಇಟ್ಟುಕೊಂಡಿದ್ದೆ, ಯಾರಿಗೂ ಕೊಟ್ಟಿರಲಿಲ್ಲ. ಎರಡೂ ಒಂದೇ ಜಗಲಿಗೆ ಬಂದ ಮೇಲೆ ಧಮ್ಮದ ಮಾತು ತಾನಾಗಿ ಶುರುವಾಯಿತು. ಮನುಷ್ಯ ಮನುಷ್ಯರ ನಡುವಿನ ಸಂಬಂಧದಲ್ಲಿ ಧಮ್ಮ ಇದೆ ಎಂದು ಬಾಬಾಸಾಹೇಬರು ಬಿಡಿಸಿ ಹೇಳಿದ್ದು ಇದನ್ನೇ ಇರಬೇಕು. ಒಬ್ಬನೇ ಇರುವ ಕೋಣೆಯಲ್ಲಿ ನನಗೆ ಅದು ಕಂಡಿರಲಿಲ್ಲ.

ಈಗ ಕಪಾಟಿಗೆ ಬೀಗ ಇಲ್ಲ. ಒಂದು ನೋಟ್‌ಬುಕ್ ಇದೆ. ತೆಗೆದುಕೊಂಡವರು ಹೆಸರು, ದಿನಾಂಕ ಬರೆಯುತ್ತಾರೆ. ಮೂರು ಸಿನಿಮಾ ಹಿಂದೆ ಬಂದಿಲ್ಲ. ಮೊದಲನೆಯದು ಬಾರದಾಗ ನಿದ್ದೆ ಬರಲಿಲ್ಲ, ಮೂರನೆಯದಕ್ಕೆ ಬಂತು. ದಾನ ಎನ್ನುವುದು ಪಾರಮಿತೆ ಆಗುವುದು ಹೀಗೆ ಅಭ್ಯಾಸದಿಂದಲೇ. ಒಂದು ಎಚ್ಚರಿಕೆ ಮಾತ್ರ: ನಕಲು ಮಾಡಿ ಹಂಚುವುದು, ಮಾರುವುದು ದಾನವಲ್ಲ. ಅದು ಎರಡನೆಯ ಶೀಲಕ್ಕೆ ವಿರುದ್ಧ. ನನ್ನಲ್ಲಿ ಇರುವ ಅಸಲನ್ನೇ ಕೊಡುತ್ತೇನೆ. ಕೊಟ್ಟಾಗ ನನ್ನಲ್ಲಿ ಅದು ಇರುವುದಿಲ್ಲ. ಕೊಡುವುದು ಎಂದರೆ ಅದೇ ಅಲ್ಲವೇ?

*ಇಂದಿನ ಅಭ್ಯಾಸ:*
ನಿಮ್ಮ ಮನೆಯಲ್ಲಿ ಬೀಗ ಹಾಕಿದ್ದು ಏನು ಎಂದು ನೋಡಿ. ಪುಸ್ತಕ ಇರಬಹುದು, ಹಳೆಯ ಫೋಟೋ, ಕ್ಯಾಸೆಟ್, ಹಿರಿಯರ ನೆನಪು, ನಿಮಗೆ ಗೊತ್ತಿರುವ ಒಂದು ವಿದ್ಯೆ. ಅದನ್ನು ಕಾಯಲು ಯಾರಿಗಾದರೂ ಸುಳ್ಳು ಹೇಳಿದ್ದೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೇಳಿದ್ದರೆ ಇವತ್ತೇ ಅವರ ಮನೆಗೆ ಹೋಗಿ. ಅವರಿಗೆ ಬಹುಶಃ ಮೊದಲೇ ಗೊತ್ತಿರುತ್ತದೆ.

ಸರ್ವರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. 🙏
ನಮೋ ಬುದ್ಧಾಯ. ಜೈ ಭೀಮ್.